ಚೆಕ್‌ಪೋಸ್ಟ್‌ನಲ್ಲಿ ಪರವಾನಗಿ ಬಂದೂಕು: ಪಾಲಿಸಬೇಕಾದ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಕಾಡಂಚಿನ ಗ್ರಾಮಗಳಲ್ಲಿ ವನ್ಯಪ್ರಾಣಿಗಳ ಹಾವಳಿಯಿಂದ ಬೆಳೆಯನ್ನು ಉಳಿಸಿಕೊಳ್ಳಲು ಅನೇಕ ರೈತರು ಪರವಾನಗಿ ಪಡೆದು ಬಂದೂಕು ಇಟ್ಟುಕೊಂಡಿರುವುದು ತಮಗೆಲ್ಲ ತಿಳಿದಿದೆ. ವರ್ಷದ ಬಹುಭಾಗ ಅದು ಮನೆ, ತೋಟ ಬಿಟ್ಟು ಹೊರಬರುವುದಿಲ್ಲ. ಚುನಾವಣೆ ಘೋಷಣೆಯಾಗಿ, ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡುವಂತೆ ಜಿಲ್ಲಾಡಳಿತ ಆದೇಶಿಸಿದಾಗ ರಸ್ತೆಗೆ ಬರುತ್ತದೆ. ಅದೇ ದಿನಗಳಲ್ಲಿ ರಸ್ತೆಗಳಲ್ಲಿ ಚೆಕ್‌ಪೋಸ್ಟ್‌ಗಳೂ ತೆರೆದಿರುತ್ತವೆ. ಆದೇಶ ಪಾಲಿಸಲು ಹೊರಟ ರೈತನು ಅಪರಿಚಿತ ಪೊಲೀಸರಿಗೆ ಎದುರಾಗುವ ಆ ಎರಡು ನಿಮಿಷಗಳೇ ಇಂದಿನ ವಿಷಯ.

1959ರ ಆಯುಧ ಕಾಯ್ದೆಯ 19ನೇ ಕಲಮಿನಂತೆ, ಆಯುಧ ಒಯ್ಯುವವರಿಂದ ಪರವಾನಗಿಯನ್ನು ಕೇಳುವ ಅಧಿಕಾರ ಪೊಲೀಸ್ ಅಧಿಕಾರಿಗಿದೆ. ಹಾಜರುಪಡಿಸದಿದ್ದಲ್ಲಿ ಹೆಸರು, ವಿಳಾಸ ಕೇಳಬಹುದು. ಅಗತ್ಯವೆನಿಸಿದರೆ ಆಯುಧವನ್ನು ವಶಪಡಿಸಿಕೊಳ್ಳಬಹುದು. ಆದ್ದರಿಂದ ಮೂಲ ಪರವಾನಗಿ ಜೊತೆಯಲ್ಲಿರಬೇಕು. ಆದರೆ ಬಂದೂಕಿನ ಚೀಲದಲ್ಲಿ ಇರಕೂಡದು. ಪರವಾನಗಿ ತೆಗೆಯಲು ನೀಡಿದ ಕೈ ಬಂದೂಕಿನತ್ತ ನೀಡಿದಂತೆ ಕಾಣಬಾರದು.

ಇದು ಬರಿಯ ಊಹೆಯಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ 2016ರ ಜುಲೈ 6ರಂದು ಫಿಲ್ಯಾಂಡೊ ಕ್ಯಾಸ್ಟೈಲ್ ಎಂಬುವರ ಕಾರನ್ನು ಪೊಲೀಸರು ತಡೆದರು. ಅನುಮತಿಯುಳ್ಳ ಅವರು ತಮ್ಮಲ್ಲಿ ಬಂದೂಕು ಇದೆಯೆಂದು ತಾವಾಗಿಯೇ ತಿಳಿಸಿದರು. ಕೆಲವೇ ಕ್ಷಣಗಳಲ್ಲಿ, ಅವರು ಆಯುಧಕ್ಕೆ ಕೈಹಾಕುತ್ತಿದ್ದಾರೆಂದು ಭಾವಿಸಿದ ಅಧಿಕಾರಿ ಗುಂಡು ಹಾರಿಸಿದರು, ಕ್ಯಾಸ್ಟೈಲ್ ಮೃತಪಟ್ಟರು. ಅಲ್ಲಿನ ಸನ್ನಿವೇಶ ಬೇರೆ. ಆದರೆ ಕೈಯ ಚಲನೆ ಹುಟ್ಟಿಸುವ ಭಯ ಎಲ್ಲೆಡೆಯೂ ಒಂದೇ.

ಆದಕಾರಣ ಈ ಕ್ರಮವನ್ನು ರೈತರಿಗೆ ತಿಳಿಸಿಕೊಡುವುದು:

1. ಹೊರಡುವ ಮುನ್ನ ನಳಿಗೆಯನ್ನು ಖಾಲಿ ಮಾಡಿ, ಎರಡು ಬಾರಿ ಪರೀಕ್ಷಿಸುವುದು. ತೋಟಾಗಳನ್ನು ಬೇರೆ ಚೀಲದಲ್ಲಿಡುವುದು. ಬಂದೂಕನ್ನು ಕವಚದಲ್ಲಿಟ್ಟು, ಕೈಗೆಟುಕದಂತೆ ವಾಹನದ ಹಿಂಭಾಗದಲ್ಲಿ ಇಡುವುದು.

2. ಹಗಲಿನಲ್ಲಿಯೇ ಪ್ರಯಾಣಿಸುವುದು, ಮದ್ಯ ಸೇವಿಸಿ ಹೊರಡಕೂಡದು.

3. ತಡೆದಾಗ ಎಡಕ್ಕೆ ನಿಲ್ಲಿಸಿ ಎಂಜಿನ್ ಆರಿಸುವುದು. ಚಾಲಕನ ಎರಡೂ ಕೈಗಳು ಸ್ಟೀರಿಂಗ್ ಮೇಲೆ, ಸಹ ಪ್ರಯಾಣಿಕರ ಕೈಗಳು ತೊಡೆಯ ಮೇಲೆ ಕಾಣುವಂತಿರಲಿ.

4. ಮೊದಲು ಮಾತು, ಬಳಿಕ ಕೈ: “ಪರವಾನಗಿ ಬಂದೂಕು ಹಿಂದೆ ಇದೆ, ಗುಂಡು ತುಂಬಿಲ್ಲ. ಪರವಾನಗಿ ಅಂಗಿಯ ಜೇಬಿನಲ್ಲಿದೆ, ತೆಗೆಯಲೇ?” ಎಂದು ಕೇಳಿ, ಒಪ್ಪಿಗೆ ದೊರೆತ ನಂತರವೇ ನಿಧಾನವಾಗಿ ತೆಗೆಯುವುದು.

5. ಬಂದೂಕನ್ನು ತಾವಾಗಿ ತೆಗೆದು ತೋರಿಸಕೂಡದು. ವಶಪಡಿಸಿಕೊಂಡರೆ ಲಿಖಿತ ರಸೀದಿ ಕೇಳುವುದು. ಆಕ್ಷೇಪಣೆಯಿದ್ದಲ್ಲಿ ಮೇಲಧಿಕಾರಿಗಳಿಗೆ ಬರೆದುಕೊಡುವುದು. ರಸ್ತೆಯಲ್ಲಿ ವಾದ ಬೇಡ.

ಕೊನೆಯದಾಗಿ, ಸದಸ್ಯರಿಗೇ ಸಂಬಂಧಿಸಿದ ಒಂದು ಮಾತು. ವಾಹನ ತಡೆದೊಡನೆ ಸದಸ್ಯರಿಗೆ ಕರೆ ಮಾಡಲು ಜೇಬಿಗೆ ಕೈಹಾಕುವ ರೂಢಿ ಹಲವರಲ್ಲಿದೆ. ಕತ್ತಲಲ್ಲಿ ಎದುರಿಗೆ ನಿಂತವರಿಗೆ ಆ ಕೈ ಮೊಬೈಲಿಗೆ ಹೋಯಿತೋ ಆಯುಧಕ್ಕೆ ಹೋಯಿತೋ ತಿಳಿಯದು. “ತಪಾಸಣೆ ಮುಗಿಯುವವರೆಗೆ ನನಗೆ ಕರೆ ಮಾಡಬೇಡಿ” ಎಂದು ತಮ್ಮ ವಾರ್ಡಿನ ಪರವಾನಗಿದಾರರಿಗೆ ಮುಂಚಿತವಾಗಿ ಹೇಳಿದರೆ, ಅದೇ ತಾವು ಮಾಡಬಹುದಾದ ದೊಡ್ಡ ಉಪಕಾರ. ಮುಂದಿನ ಗ್ರಾಮ ಸಭೆಯಲ್ಲಿ ಈ ಕ್ರಮವನ್ನು ಓದಿ ಹೇಳುವಂತೆ ಕೋರಲಾಗಿದೆ.