ಪಂಕ್ತಿಯಿಂದ ಎದ್ದ ತಾಯಿ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದೂ ಕಡೆಯ ಭಕ್ತರು ಇಂದು ಇಲ್ಲಿ ನೆರೆದಿದ್ದೀರಿ. ತೊಗರಿಯ ರಾಶಿ ಮುಗಿಸಿ ಬಂದವರಿದ್ದೀರಿ, ಸಿಮೆಂಟು ಕಾರ್ಖಾನೆಯ ಪಾಳಿ ಮುಗಿಸಿ ನೆಟ್ಟಗೆ ಇಲ್ಲಿಗೇ ಬಂದವರೂ ಇದ್ದೀರಿ. ಪುರಾಣದ ಮುಂದಿನ ಪ್ರಸಂಗ ಕೇಳಬೇಕೆಂದು ಕುಳಿತಿದ್ದೀರಿ. ಪುರಾಣ ಸ್ವಲ್ಪ ಹೊತ್ತು ನಿಲ್ಲಲಿ. ನಮ್ಮಿಂದಾದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ.

ಮೂರು ವರ್ಷಗಳ ಹಿಂದೆ ಇದೇ ಅಂಗಳದಲ್ಲಿ, ಪುರಾಣ ಮಂಗಲದ ದಿನ, ಪ್ರಸಾದದ ಪಂಕ್ತಿ ಕುಳಿತಿತ್ತು. ಏಳೆಂಟು ವರ್ಷದ ಬಾಲಕನೊಬ್ಬ ತಾಯಿಯ ಮಗ್ಗುಲಲ್ಲಿದ್ದ. ಡೊಳ್ಳು ಮೊದಲಾಯಿತು, ಧ್ವನಿವರ್ಧಕ ಕಿರುಚಿತು. ಬಾಲಕ ಎರಡೂ ಕಿವಿ ಮುಚ್ಚಿಕೊಂಡು ಚೀರತೊಡಗಿದ; ಎಲೆಯನ್ನು ತಳ್ಳಿದ; ಹುಗ್ಗಿ ಪಕ್ಕದವರ ಮೈಮೇಲೆ ಬಿದ್ದಿತು. “ಹುಡುಗನ್ನ ಹೊರಗ ಒಯ್ರಿ, ಹಡದವ್ರಿಗೆ ಬುದ್ಧಿ ಕಲಸಾಕ ಬರಂಗಿಲ್ಲೇನು” ಎಂದು ಹಿರಿಯರೊಬ್ಬರು ಗದರಿದರು. ಆ ತಾಯಿ ಉಣ್ಣದೆ ಎದ್ದು ಹೋದಳು. ನಾವು ಎತ್ತರದ ಪೀಠದ ಮೇಲೆ ಕುಳಿತು ಎಲ್ಲವನ್ನೂ ಕಂಡೆವು. ಗದರಿದವರನ್ನು ತಡೆಯಲಿಲ್ಲ, ಡೊಳ್ಳು ನಿಲ್ಲಿಸಿರೆಂದೂ ಹೇಳಲಿಲ್ಲ.

ತಿಂಗಳ ನಂತರ ಪಾದಪೂಜೆಗೆಂದು ಆ ಮನೆಗೆ ಹೋದೆವು. ನಾಲ್ಕು ವರ್ಷಗಳಿಂದ ಅವರು ಒಂದು ಮದುವೆಗೆ ಹೋಗಿಲ್ಲ, ಒಂದು ಜಾತ್ರೆ ನೋಡಿಲ್ಲ, ಒಡಹುಟ್ಟಿದ ತಮ್ಮನ ಅಕ್ಷತೆಗೂ ಆ ತಾಯಿ ಹೋಗಿರಲಿಲ್ಲ. ಸಮಾಧಾನ ಹೇಳುವ ಭರದಲ್ಲಿ ನಾವು, “ಪೂರ್ವಜನ್ಮದ ಕರ್ಮ ತಾಯಿ, ಅನುಭವಿಸಿಯೇ ತೀರಬೇಕು” ಎಂದುಬಿಟ್ಟೆವು. ಕಾಶಿಯಲ್ಲಿ ತರ್ಕ, ವ್ಯಾಕರಣ ಓದಿದ ನಾಲಿಗೆಗೆ ಇಂಥ ಮಾತು ತಡವರಿಸದೆ ಬರುತ್ತದೆ. ಆಕೆ ತಲೆಯೆತ್ತಿ, “ಅಪ್ಪಾರ, ಲಿಂಗ ಕಟ್ಟಿದ ಮ್ಯಾಲೆ ಪೂರ್ವಾಶ್ರಯ ಹೋತು ಅಂತ ನೀವೇ ಹೇಳ್ತೀರಿ. ನನ್ನ ಮಗಂದು ಅಷ್ಟೇ ಹೋಗಿಲ್ಲೇನ್ರಿ?” ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ.

ನಮ್ಮಲ್ಲಿ ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೇ ಲಿಂಗಧಾರಣೆ ಮಾಡುವ ಪದ್ಧತಿಯುಂಟು. ಆ ಶಿಶು ಮುಂದೆ ಮಾತಾಡೀತೋ ಇಲ್ಲವೋ, ಕಣ್ಣಿಟ್ಟು ನೋಡೀತೋ ಇಲ್ಲವೋ ಎಂದು ಗುರು ಕೇಳುವುದಿಲ್ಲ. ಕೇಳದೆ ಕಟ್ಟಿದ ಮೇಲೆ ಪಂಕ್ತಿಯಿಂದ ಎಬ್ಬಿಸುವ ಅಧಿಕಾರ ನಮಗೆಲ್ಲಿಂದ ಬಂತು?

ಈ ಮಕ್ಕಳ ಸ್ಥಿತಿಗೆ ಆಟಿಸಂ ಎನ್ನುತ್ತಾರೆ, ಕನ್ನಡದಲ್ಲಿ ಸ್ವಲೀನತೆ. ೧೯೪೩ ರಲ್ಲಿ ಅಮೆರಿಕೆಯ ಬಾಲ್ಟಿಮೋರಿನಲ್ಲಿದ್ದ ವೈದ್ಯ ಲಿಯೋ ಕ್ಯಾನರ್ ೧೧ ಮಕ್ಕಳನ್ನು ಕುರಿತು ಬರೆದಾಗ ಇದು ಜಗತ್ತಿನ ಗಮನಕ್ಕೆ ಬಂತು. ಅನಂತರ ಎರಡು ಮೂರು ದಶಕ ಅಲ್ಲಿನ ಪಂಡಿತರೂ ತಾಯಿಯನ್ನೇ ದೂರಿದರು. ತಾಯಿಯ ಎದೆ ತಣ್ಣಗಿದ್ದುದರಿಂದ ಮಗು ಹೀಗಾಯಿತೆಂದು ೧೯೬೭ ರಲ್ಲಿ ಬೆಟಲ್‌ಹೈಮ್ ಎಂಬಾತ ದೊಡ್ಡ ಗ್ರಂಥವನ್ನೇ ಬರೆದ. ಅದಕ್ಕೆ ಮೂರು ವರ್ಷ ಮೊದಲೇ, ಇಂಥ ಮಗನ ತಂದೆಯಾದ ಬರ್ನಾರ್ಡ್ ರಿಮ್ಲಂಡ್ ಎಂಬ ಮನೋವಿಜ್ಞಾನಿ ಇದು ಮಿದುಳಿನ ಬೆಳವಣಿಗೆಯ ವಿಷಯವೆಂದು ಬರೆದಿದ್ದ. ಕೊನೆಗೆ ನಿಂತದ್ದು ಅವನ ಮಾತೇ. ಸಾಕಿದ ರೀತಿಯಿಂದ ಇದು ಬರುವುದಿಲ್ಲ. ಅವರು ತಾಯಿಯ ಎದೆಯನ್ನು ದೂರಿದರು, ನಾವು ಪೂರ್ವಜನ್ಮವನ್ನು ದೂರಿದೆವು. ಎರಡರ ಹೊರೆಯೂ ಬಿದ್ದದ್ದು ಹೆತ್ತವಳ ತಲೆಯ ಮೇಲೆ.

ಸ್ವಲೀನ ಎಂಬ ಶಬ್ದ ಕೇಳಿ, ಮಗು ಯೋಗಿಯಂತೆ ತನ್ನಲ್ಲಿ ತಾನು ಮುಳುಗಿದೆ, ಹೊರಗಿನದೇನೂ ಅದಕ್ಕೆ ತಟ್ಟದೆಂದು ಮೊದಲು ತಿಳಿದಿದ್ದೆವು. ಬಹಳ ಮಕ್ಕಳಲ್ಲಿ ಸಂಗತಿ ತಿರುವುಮುರುವು: ಹೊರಗಿನದು ಅವರಿಗೆ ಅತಿಯಾಗಿ ತಟ್ಟುತ್ತದೆ. ನಿಮಗೆ ಡೊಳ್ಳು, ಅವರಿಗೆ ಸಿಡಿಲು. ಭಾಗವತದಲ್ಲಿ ಜಡಭರತನ ಕಥೆಯಿದೆ. ರಹೂಗಣ ರಾಜನ ಪಲ್ಲಕ್ಕಿ ಹೊತ್ತ ಆತ ಕಾಲಕೆಳಗಿನ ಜೀವಿಗಳನ್ನು ತುಳಿಯಬಾರದೆಂದು ನೋಡಿ ನೋಡಿ ಹೆಜ್ಜೆಯಿಟ್ಟ, ಪಲ್ಲಕ್ಕಿ ಅಲುಗಿತು, ರಾಜ ಹಂಗಿಸಿದ. ರಾಜನಿಗೆ ಅಲುಗಾಟ ಗೊತ್ತಾಯಿತು, ಇರುವೆ ಕಾಣಿಸಲಿಲ್ಲ. ಈ ಮಕ್ಕಳೆಲ್ಲ ಜ್ಞಾನಿಗಳೆಂದು ನಾವು ಹೇಳುತ್ತಿಲ್ಲ, ಅವರಿಗೆ ಆ ಹೊರೆಯೂ ಬೇಡ. ನಮ್ಮ ದೃಷ್ಟಿ ಮಾತ್ರ ಆ ರಾಜನದೇ ಆಗಿತ್ತು.

ಇನ್ನೊಂದು ಮಾತು. ಮಠಕ್ಕೆ ಕರೆತಂದರೆ ಮಗುವಿಗೆ ಮಾತು ಬರುತ್ತದೆಂದು ಯಾರೂ ಹೇಳಬೇಡಿ. ಭಸ್ಮ ಕೊಟ್ಟು ಮಾತು ಬರಿಸುವ ಶಕ್ತಿ ನಮಗಿಲ್ಲ. ಮಾತು ತಡವಾದರೆ, ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ವೈದ್ಯರಲ್ಲಿಗೆ ಹೋಗಿರಿ. ವಾಡಿಯಲ್ಲಿ ರೈಲು ಹತ್ತಿದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮೈಸೂರಿನಲ್ಲಿ ೧೯೬೫ ರಿಂದ ವಾಕ್ ಶ್ರವಣ ಸಂಸ್ಥೆಯಿದೆ. ೨೦೧೬ ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ೨೧ ಬಗೆಗಳಲ್ಲಿ ಇದೂ ಸೇರಿದೆ; ಪ್ರಮಾಣಪತ್ರ ಮಾಡಿಸಿಕೊಳ್ಳಲು ನಾಚಬೇಡಿ.

ಕಳೆದ ಶ್ರಾವಣದಲ್ಲಿ ಇಂಥ ಆರು ಮನೆಗಳವರನ್ನು ಇಲ್ಲಿಗೆ ಕರೆದೆವು. ಧ್ವನಿವರ್ಧಕ ಕಟ್ಟಲಿಲ್ಲ. ಏನೇನು ನಡೆಯುತ್ತದೆ, ಯಾವುದರ ನಂತರ ಯಾವುದು ಎಂದು ಮೊದಲೇ ಚಿತ್ರ ಬರೆಸಿ ಮನೆಗೆ ಕಳಿಸಿದ್ದೆವು. ಒಬ್ಬ ಹುಡುಗ ಶಹಾಬಾದಿ ಫರಸಿಯ ಸಂದುಗಳ ಮೇಲೆ ಹೆಜ್ಜೆಯಿಡುತ್ತ ಮಧ್ಯಾಹ್ನದವರೆಗೆ ಅಂಗಳ ಸುತ್ತಿದ. ಊರ ಹುಡುಗರು ಮೊದಲು ನಕ್ಕರು, ಆಮೇಲೆ ಸಾಲಾಗಿ ಅವನ ಹಿಂದೆಯೇ ನಡೆದರು. ಒಬ್ಬಳು ಹುಡುಗಿ ಬಿಳಿ ಅನ್ನದ ಹೊರತು ಬೇರೆ ಮುಟ್ಟಲಿಲ್ಲ, ಅದನ್ನೇ ಬಡಿಸಿದರು. ತಪ್ಪೂ ಆಯಿತು: ಹೊರಗೆ ಯಾರೋ ಪಟಾಕಿ ಹಚ್ಚಿದರು, ಒಂದು ಮಗು ಓಡಿತು, ಬಾವಿಯ ಕಡೆಗೇ ಓಡಿತು. ಇಂಥ ಮಕ್ಕಳಲ್ಲಿ ಕೆಲವರಿಗೆ ನೀರಿನ ಸೆಳೆತ ಬಹಳ. ಅಡಿಗೆಯ ತಾಯಿಯೊಬ್ಬಳು ಓಡಿ ಹಿಡಿದುದರಿಂದ ನಾವು ಇಂದು ಈ ಮಾತನ್ನು ಹೇಳುವಂತಾಗಿದೆ. ಆ ದಿನ ಒಬ್ಬ ತಾಯಿ, “ಅನ್ನ ಬಿಸಿ ಇದ್ದಾಗ ಉಂಡು ಭಾಳ ವರ್ಷ ಆಗಿತ್ರಿ” ಎಂದಳು.

ಆದರೆ ಅವರಿಗೆಂದೇ ಬೇರೆ ದಿನ ಮಾಡಿ ಕೈತೊಳೆದುಕೊಂಡರೆ ಅದೂ ಒಂದು ಬೇರೆ ಪಂಕ್ತಿಯೇ. ೨೦೧೧ ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ‘ದಿ ಲಯನ್ ಕಿಂಗ್’ ನಾಟಕವನ್ನು ಈ ಮಕ್ಕಳ ಕುಟುಂಬಗಳಿಗಾಗಿ ಶಬ್ದ ತಗ್ಗಿಸಿ, ಕಣ್ಣು ಕುಕ್ಕುವ ದೀಪ ತೆಗೆದು ಆಡಿದರು. ೨೦೨೩ ರ ಜನವರಿಯಲ್ಲಿ ಗೋವೆಯಲ್ಲಿ ಪರ್ಪಲ್ ಫೆಸ್ಟ್ ಎಂದು ಅಂಗವಿಕಲರೊಡನೆ ಎಲ್ಲರೂ ಕೂಡಿದ ಹಬ್ಬವೇ ನಡೆಯಿತು. ನಮ್ಮಲ್ಲಿ ಹಬ್ಬವೆಂದರೆ ಜಾತ್ರೆ. ಜಾತ್ರೆಯೊಳಗೇ ಅವರಿಗೆ ಸ್ಥಳವಾಗಬೇಕು.

ಡೊಳ್ಳಿನ ಮೇಳದವರು ಬಂದು, “ಅಪ್ಪಾರ, ಗದ್ದಲಿಲ್ಲದ್ದು ಎಂಥಾ ಜಾತ್ರಿ” ಎಂದರು. ಅವರ ಮಾತೂ ಸುಳ್ಳಲ್ಲ. ಡೊಳ್ಳು ನಿಲ್ಲುವುದಿಲ್ಲ, ಹೊತ್ತು ಮಾತ್ರ ಬದಲಾಗುತ್ತದೆ. ಈ ಸಲ ಬೆಳಿಗ್ಗೆ ಆರರಿಂದ ಎಂಟರವರೆಗೆ ವಾದ್ಯವಿಲ್ಲ, ಪಟಾಕಿಯಿಲ್ಲ. ಆ ಹೊತ್ತಿನಲ್ಲಿ ಎಲ್ಲರೂ ಬನ್ನಿ, ನಿಮ್ಮ ಮಕ್ಕಳನ್ನೂ ಕರೆತನ್ನಿ. ಹಿಂದಿನ ಪಾಠಶಾಲೆಯ ಕೋಣೆ ದಿನವಿಡೀ ತೆರೆದಿರುತ್ತದೆ. ಗದ್ದಲ ತಾಳದ ಮಗು ಅಲ್ಲಿ ಕೂರಲಿ, ಸಾಕೆನಿಸಿದಾಗ ಮರಳಿ ಬರಲಿ. ಸರತಿಯಲ್ಲಿ ನಿಲ್ಲಲಾಗದವರನ್ನು ಮುಂದೆ ಬಿಡಿರಿ. ಬಾವಿಗೆ ಬಾಗಿಲು ಮಾಡಿಸಿದ್ದೇವೆ; ಅಲ್ಲಿ ಇಬ್ಬರು, ಹೆಬ್ಬಾಗಿಲಲ್ಲಿ ಇಬ್ಬರು ಕೂರಬೇಕು. ಶಹಾಬಾದದವರು ಇಬ್ಬರು ಒಪ್ಪಿದ್ದಾರೆ. ಇನ್ನಿಬ್ಬರು ಬೇಕು, ಪುರಾಣ ಮುಗಿದ ಮೇಲೆ ಹೆಸರು ಬರೆಸಿರಿ. ಪಂಕ್ತಿಯಲ್ಲಿ ಯಾರಾದರೂ ಗದರಿದರೆ ಈ ಸಲ ನಾವೇ ಪೀಠದಿಂದ ಇಳಿದು ಬರುತ್ತೇವೆ.

ಆ ತಾಯಿಗೂ ಹೇಳಿ ಕಳಿಸಿದ್ದೇವೆ. ಬರುತ್ತೇನೆಂದು ಆಕೆ ಇನ್ನೂ ಹೇಳಿಲ್ಲ.