ಮೂಕವಾದ ಪೆಟ್ಟಿಗೆಯ ಮಾತು

(ಕಲಬುರಗಿ ನಗರದಲ್ಲಿ ಕೃಷಿಕರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು ನಲವತ್ತು ಕಿಲೋಮೀಟರಿನ ಆಸುಪಾಸು ಸಾಗಿದರೆ ಕಮಲಾಪುರ ಸಿಗುತ್ತದೆ. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿರುವುದು ತಮಗೆಲ್ಲ ತಿಳಿದ ಸಂಗತಿ. ಬೇರೆ ಬಾಳೆಗಿಂತ ಹೆಚ್ಚು ಕಾಲ, ಸುಮಾರು ಒಂದೂವರೆ ವರ್ಷ, ನೆಲದಲ್ಲಿ ನಿಲ್ಲುವ ಬೆಳೆ ಇದು. ಅಷ್ಟು ಕಾಲ ನಿಲ್ಲುವ ಬೆಳೆಗೆ ಯಾವ ದಿನ ಎಷ್ಟು ಮಳೆ ಬಿದ್ದಿತು, ಎಷ್ಟು ದಿನ ಬರಿಯ ಬಿಸಿಲೇ ಕಾಯಿತು ಎಂಬ ಲೆಕ್ಕ ಬೇಕಾಗುತ್ತದೆ. ಮಲೆನಾಡಿನ ಅಡಿಕೆ ಬೆಳೆಗಾರರು ಗೋಡೆಯ ಕ್ಯಾಲೆಂಡರಿನ ಮೇಲೆ ಮಳೆಯ ಮಿಲಿಮೀಟರು ಬರೆದಿಡುವುದೂ ಇದೇ ಕಾರಣಕ್ಕೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಅಧಿಸೂಚಿತ ಮಾಪಕದ ಅಂಕಿಯಿಂದ. ತೋಟದೊಳಗೆ ಬಿದ್ದ ಮಳೆಯಿಂದಲ್ಲ. ರೈತನ ಸ್ವಂತ ಲೆಕ್ಕ ಅಲ್ಲಿ ನಡೆಯುವುದಿಲ್ಲ, ನಿಜ. ಆದರೆ ಆ ಲೆಕ್ಕವೂ ಇಲ್ಲದವನಿಗೆ ಪ್ರಶ್ನೆ ಕೇಳುವ ನೆಲೆಯೇ ಇರುವುದಿಲ್ಲ.

ಈಗ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ಕಮಲಾಪುರದ ತೋಟವೊಂದರ ಯಜಮಾನರ ಮಗಳು ಕಲಬುರಗಿಯಲ್ಲಿ ಓದುತ್ತಿದ್ದಾಳೆ. ಮನೆಯಲ್ಲಿ ಟಿ.ವಿ.ಗೆ ಜೋಡಿಸುವ ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಯೊಂದು ಮೂಲೆ ಸೇರಿದೆ. ತಯಾರಕರು ಅದರ ತಂತ್ರಾಂಶವನ್ನು ನವೀಕರಿಸುವುದನ್ನು ನಿಲ್ಲಿಸಿ ವರ್ಷಗಳಾಗಿವೆ. ಚಲನಚಿತ್ರ ತೋರಿಸುವ ಆನ್ವಯಿಕಗಳು ಅದರಲ್ಲಿ ತೆರೆಯುತ್ತಿಲ್ಲ. ಒಳಗಿರುವುದು ಆಲ್‌ವಿನ್ನರ್ ಸಂಸ್ಥೆಯ ಎಚ್3 ಎಂಬ ಚಿಪ್ಪು, ನಾಲ್ಕು ಸಂಸ್ಕಾರಕ ಘಟಕಗಳು, ಒಂದು ಗಿಗಾಬೈಟ್ ಸ್ಮೃತಿ. ಮಳೆ ಲೆಕ್ಕ ಇಡಲು ಇದು ಬೇಕಾದುದಕ್ಕಿಂತ ಹೆಚ್ಚೇ ಆಯಿತು. 0.2 ಮಿಲಿಮೀಟರು ಮಳೆಗೊಮ್ಮೆ ಮಗುಚಿಕೊಳ್ಳುವ ಪುಟ್ಟ ತೊಟ್ಟಿಯ ಮಾಪಕ, ಅದರ ಎಣಿಕೆಯನ್ನು ಯುಎಸ್‌ಬಿ ತಂತಿಯ ಮೂಲಕ ಕಳಿಸುವ ಚಿಕ್ಕ ಆರ್ಡುಯಿನೊ ಹಲಗೆ, ಎಲ್ಲವನ್ನೂ ಬರೆದಿಡುವ ಲಿನಕ್ಸ್ ಪೆಟ್ಟಿಗೆ: ಅವಳ ಯೋಜನೆ ಇಷ್ಟೇ. ಆಕೆ ಮೆಮೊರಿ ಕಾರ್ಡಿಗೆ ಲಿನಕ್ಸ್ ಬರೆದು, ಪೆಟ್ಟಿಗೆಗೆ ತೂರಿಸಿ, ವಿದ್ಯುತ್ ಕೊಡುತ್ತಾಳೆ. ತೆರೆ ಕಪ್ಪಾಗಿಯೇ ಉಳಿಯುತ್ತದೆ.

ಇಲ್ಲಿಗೆ ಹೆಚ್ಚಿನವರು ಕೈಚೆಲ್ಲುತ್ತಾರೆ. ಮೇಜಿನ ಮೇಲಿನ ಸಾಮಾನ್ಯ ಗಣಕದಲ್ಲಿ ಸಲೀಸಾಗಿ ನಡೆಯುವ ಲಿನಕ್ಸ್ ಇಲ್ಲೇಕೆ ಮೂಕವಾಯಿತು? ಮೇಜಿನ ಗಣಕದಲ್ಲಿ ತಯಾರಕರೇ ಕೂರಿಸಿದ ಮೂಲ ತಂತ್ರಾಂಶವೊಂದಿರುತ್ತದೆ. ಯಾವ ಭಾಗ ಎಲ್ಲಿದೆ ಎಂಬುದನ್ನು ಅದು ಕರ್ನೆಲ್‌ಗೆ ಹೇಳಿಕೊಡುತ್ತದೆ. ಅದರ ಬಹುತೇಕ ಭಾಗಗಳು, ಕೇಳಿದರೆ, ತಮ್ಮ ಗುರುತನ್ನು ತಾವೇ ಹೇಳುತ್ತವೆ. ಆರ್ಮ್ ಚಿಪ್ಪಿನ ಇಂಥ ಚಿಕ್ಕ ಹಲಗೆಗಳಲ್ಲಿ ಆ ಏರ್ಪಾಡು ಇಲ್ಲ. ದೀಪ ಯಾವ ಕಾಲಿಗೆ ಅಂಟಿದೆ, ಕಾರ್ಡಿನ ಕಿಂಡಿ ಎಲ್ಲಿದೆ, ವೋಲ್ಟೇಜನ್ನು ಯಾವ ಬಿಡಿಭಾಗ ನಿಯಂತ್ರಿಸುತ್ತದೆ ಎಂಬುದನ್ನೆಲ್ಲ ಯಾರಾದರೂ ಮೊದಲೇ ಬರೆದು ಕೊಡಬೇಕು. ಹಾಗೆ ಬರೆದ ವಿವರಣೆಗೆ ಡಿವೈಸ್ ಟ್ರೀ ಎಂದು ಹೆಸರು. ಹಿಂದೆ ಪ್ರತಿಯೊಂದು ಹಲಗೆಗೂ ಕರ್ನೆಲ್‌ನೊಳಗೇ ಪ್ರತ್ಯೇಕ ಸಂಕೇತ ಬರೆಯುತ್ತಿದ್ದರು. ಆ ಗೊಂದಲ ಎಷ್ಟು ಬೆಳೆಯಿತೆಂದರೆ 2011ರ ಮಾರ್ಚಿನಲ್ಲಿ ಲಿನಸ್ ಟೋರ್ವಾಲ್ಡ್ಸ್ ಬಹಿರಂಗವಾಗಿಯೇ ತಾಳ್ಮೆ ಕಳೆದುಕೊಂಡರು. ಅದರ ನಂತರವೇ ಡಿವೈಸ್ ಟ್ರೀ ಆರ್ಮ್ ಲೋಕದಲ್ಲಿ ರೂಢಿಗೆ ಬಂದಿತು.

ಯಂತ್ರದ ವಿವರಣೆ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮೊದಲಾದವರು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೊಡನೆ ಸೇರಿ ಸಿಂಪ್ಯೂಟರ್ ಎಂಬ ಅಂಗೈ ಗಣಕವನ್ನು ರೂಪಿಸಿದರು. 2001ರಲ್ಲಿ ಅದರ ಮಾದರಿ ಹೊರಬಂದಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿಕೊಟ್ಟ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿತು. ಅದರೊಳಗೆ ಸ್ಟ್ರಾಂಗ್‌ಆರ್ಮ್ ಚಿಪ್ಪು, ಅದರ ಮೇಲೆ ಲಿನಕ್ಸ್. ಓದು ಬಾರದವರೂ ಬಳಸಲಿ, ಒಂದೇ ಯಂತ್ರವನ್ನು ಹಳ್ಳಿಯ ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿ ಹಂಚಿಕೊಳ್ಳಲಿ ಎಂಬುದು ಅದರ ಹಿಂದಿನ ಆಶಯ. ಕರ್ನಾಟಕದ ಭೂದಾಖಲೆಯ ಕೆಲಸದಲ್ಲಿಯೂ ಅದನ್ನು ಪ್ರಯೋಗಿಸಲಾಯಿತು. ವ್ಯಾಪಾರದಲ್ಲಿ ಅದು ಗೆಲ್ಲಲಿಲ್ಲ; ಅಗ್ಗದ ಮೊಬೈಲುಗಳ ಪ್ರವಾಹದಲ್ಲಿ ಕೊಚ್ಚಿಹೋಯಿತು. ಆದರೆ ಆ ವಿಜ್ಞಾನಿಗಳು ಮಾಡಿದ ಒಂದು ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ. ತಂತ್ರಾಂಶವನ್ನಷ್ಟೇ ಅಲ್ಲ, ಯಂತ್ರದ ವಿನ್ಯಾಸವನ್ನೂ ಸಾರ್ವಜನಿಕ ಪರವಾನಗಿಯೊಂದರ ಅಡಿಯಲ್ಲಿ ಇರಿಸಲು ಅವರು ಮುಂದಾದರು. ಈ ಟಿ.ವಿ. ಪೆಟ್ಟಿಗೆಯನ್ನು ಮಾಡಿದವರು ಅಂಥ ಕಾಗದ ಒಂದನ್ನೂ ಕೊಟ್ಟಿಲ್ಲ. ಹೊರಕವಚ ಒಂದೇ ಬಗೆ, ಮೇಲಿನ ಹೆಸರೂ ಒಂದೇ. ಒಳಗಿನ ಹಲಗೆ ಮಾತ್ರ ತಯಾರಿಯ ಕಂತು ಬದಲಾದಂತೆ ಬದಲಾಗುತ್ತದೆ.

ಆದ್ದರಿಂದ ಮೊದಲ ಕೆಲಸ ತಿರುಪು ಬಿಚ್ಚುವುದು. ಹಲಗೆಯ ಮೇಲೆ ಮುದ್ರಿತವಾದ ಸಂಖ್ಯೆಯನ್ನು, ಚಿಪ್ಪುಗಳ ಮೈಮೇಲಿನ ಅಕ್ಷರಗಳನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಅನಂತರ ಎರಡು ಸರಳ ಅನುಮಾನಗಳನ್ನು ಕಳೆದುಕೊಳ್ಳಬೇಕು: ಕಾರ್ಡು ಮತ್ತು ವಿದ್ಯುತ್ತು. ಇಳಿಸಿಕೊಂಡ ಕಡತದ ತಾಳೆಮೊತ್ತವನ್ನು ಪ್ರಕಟಿತ ಮೊತ್ತದೊಡನೆ ಹೋಲಿಸುವುದು ಐದು ನಿಮಿಷದ ಕೆಲಸ. ಸಂತೆಯಲ್ಲಿ ಸಿಗುವ ಕಾರ್ಡುಗಳಲ್ಲಿ ಮೇಲೆ ಬರೆದಷ್ಟು ಸ್ಥಳವೇ ಇಲ್ಲದವು ಬೇಕಾದಷ್ಟಿವೆ. ಐದು ವೋಲ್ಟ್ ಎಂದು ಬರೆದ ಅಡಾಪ್ಟರು, ತೆಳು ತಂತಿಯ ಕೊನೆಯಲ್ಲಿ, ಯಂತ್ರಕ್ಕೆ ಭಾರ ಬಿದ್ದ ಕ್ಷಣ ಐದು ವೋಲ್ಟ್ ಕೊಡದಿರಬಹುದು. ಹಳ್ಳಿಯಲ್ಲಿ ಮೋಟಾರು ಸುಟ್ಟಾಗ ರೈತನು ಮೊದಲು ನೋಡುವುದೇ ವೋಲ್ಟೇಜು. ಗಣಕದ ಮುಂದೆ ಕುಳಿತೊಡನೆ ಅದೇ ರೈತನ ಮಗ ಅದನ್ನು ಮರೆಯುತ್ತಾನೆ!

ಇವೆರಡೂ ಸರಿಯಿದ್ದರೆ ಮೂಕ ಯಂತ್ರದ ಮಾತು ಕೇಳಬೇಕು. ಇಂಥ ಹಲಗೆಗಳ ಮೇಲೆ ಸಾಮಾನ್ಯವಾಗಿ ಮೂರು ಚಿಕ್ಕ ತೂತುಗಳೋ ತಾಮ್ರದ ಚುಕ್ಕೆಗಳೋ ಇರುತ್ತವೆ: ಒಂದು ನೆಲ, ಒಂದು ಕಳಿಸುವುದು, ಒಂದು ಪಡೆಯುವುದು. ಇದಕ್ಕೆ ಸೀರಿಯಲ್ ಕನ್ಸೋಲ್ ಎನ್ನುತ್ತಾರೆ. ಕೆಲವು ನೂರು ರೂಪಾಯಿಯೊಳಗೆ ಸಿಗುವ ಯುಎಸ್‌ಬಿ ಪರಿವರ್ತಕದ ಮೂಲಕ ಇದನ್ನು ಬೇರೊಂದು ಗಣಕಕ್ಕೆ ಜೋಡಿಸಬೇಕು. ಹಲಗೆ ಕಳಿಸುವ ತಂತಿ ಪರಿವರ್ತಕ ಪಡೆಯುವ ಕಾಲಿಗೆ, ಪರಿವರ್ತಕ ಕಳಿಸುವುದು ಹಲಗೆ ಪಡೆಯುವ ಕಾಲಿಗೆ; ನೆಲ ನೆಲಕ್ಕೆ. ಪರಿವರ್ತಕ 3.3 ವೋಲ್ಟಿನದೇ ಆಗಿರಬೇಕು. ಹಳೆಯ ಗಣಕಗಳ ಹಿಂಬದಿಯ ಒಂಬತ್ತು ಕಾಲಿನ ಸೀರಿಯಲ್ ಕಿಂಡಿಗೆ ನೇರವಾಗಿ ಜೋಡಿಸಿದರೆ ಅದರ ಹೆಚ್ಚಿನ ವೋಲ್ಟೇಜಿಗೆ ಚಿಪ್ಪು ಸುಡುತ್ತದೆ. ಪರಿವರ್ತಕದ ವಿದ್ಯುತ್ ಕಾಲನ್ನು ಜೋಡಿಸುವ ಗೋಜಿಗೆ ಹೋಗಬಾರದು. ಆಲ್‌ವಿನ್ನರ್ ಹಲಗೆಗಳಲ್ಲಿ ಸಾಮಾನ್ಯ ವೇಗ ಸೆಕೆಂಡಿಗೆ 1,15,200 ಬಿಟ್ಟುಗಳು. ರಾಕ್‌ಚಿಪ್ ಸಂಸ್ಥೆಯ ಅನೇಕ ಹಲಗೆಗಳಲ್ಲಿ 15 ಲಕ್ಷ. ವೇಗ ತಪ್ಪಿದರೆ ತೆರೆಯ ಮೇಲೆ ಕಸದಂಥ ಅಕ್ಷರಗಳು ಬೀಳುತ್ತವೆ.

ಕಪ್ಪು ತೆರೆಯ ಹಿಂದೆ ಯಂತ್ರವು ಎಷ್ಟೊಂದು ಮಾತನಾಡುತ್ತಿತ್ತು ಎಂಬುದು ಆಗ ತಿಳಿಯುತ್ತದೆ. ಒಂದು ಸಾಲೂ ಬಾರದಿದ್ದರೆ ದೋಷ ಕಾರ್ಡಿನಲ್ಲಿ, ವಿದ್ಯುತ್ತಿನಲ್ಲಿ, ಅಥವಾ ತಂತಿ ಜೋಡಣೆಯಲ್ಲಿದೆ. ಬೂಟ್‌ಲೋಡರ್ ತನ್ನ ಹೆಸರು ಹೇಳಿ, ಸ್ಮೃತಿಯ ಅಳತೆ ಹೇಳಿ, ‘ಸ್ಟಾರ್ಟಿಂಗ್ ಕರ್ನೆಲ್’ ಎಂದು ಬರೆದು ಸುಮ್ಮನಾದರೆ ಡಿವೈಸ್ ಟ್ರೀ ತಪ್ಪಿರಬಹುದು, ಇಲ್ಲವೆ ಕರ್ನೆಲ್‌ಗೆ ಯಾವ ಕನ್ಸೋಲಿನಲ್ಲಿ ಮಾತಾಡಬೇಕೆಂದು ಹೇಳಿಲ್ಲದಿರಬಹುದು. ಕರ್ನೆಲ್ ಎಷ್ಟೋ ಸಾಲು ಬರೆದು, ಕಡೆಗೆ ಮೂಲ ಕಡತವ್ಯವಸ್ಥೆ ಸಿಗುತ್ತಿಲ್ಲವೆಂದು ಗಾಬರಿಗೊಂಡು ನಿಂತರೆ, ಅದು ಹುಡುಕುತ್ತಿರುವ ಕಾರ್ಡಿನ ಹೆಸರು ತಪ್ಪಾಗಿದೆ. ಒಳಸಂಗ್ರಹಕ್ಕೂ ಕಾರ್ಡಿಗೂ ಕೊಡುವ ಸಂಖ್ಯೆಗಳು ಅದಲುಬದಲಾಗುವುದುಂಟು. ಸಂಖ್ಯೆಯ ಬದಲು ವಿಭಾಗದ ಶಾಶ್ವತ ಗುರುತನ್ನು ಬರೆದರೆ ಈ ತೊಡಕು ತೀರುತ್ತದೆ. ಒಂದು ಸಮಾಧಾನವೆಂದರೆ, ಎಚ್3 ಚಿಪ್ಪು ಮೊದಲು ಕಾರ್ಡನ್ನೇ ನೋಡುತ್ತದೆ. ಪೆಟ್ಟಿಗೆಯ ಒಳಸಂಗ್ರಹವನ್ನು ಮುಟ್ಟದೆ ಎಷ್ಟು ಸಲವಾದರೂ ಪ್ರಯೋಗ ಮಾಡಬಹುದು.

ಕಲ್ಪನೆಯ ಆ ವಿದ್ಯಾರ್ಥಿನಿ ಇದೇ ಚಿಪ್ಪಿನ ಬೇರೊಂದು ಹಲಗೆಯ ಡಿವೈಸ್ ಟ್ರೀ ಹಾಕಿ ನೋಡಿದಳೆನ್ನಿ. ಯಂತ್ರ ಎದ್ದಿತು. ಮಾಪಕ ಎಣಿಸತೊಡಗಿತು. ಆದರೆ ದಿನವೂ ಮಧ್ಯಾಹ್ನ ಎರಡರ ಹೊತ್ತಿಗೆ ಅದು ಸ್ತಬ್ಧವಾಗುತ್ತದೆ. ಏಪ್ರಿಲ್ ತಿಂಗಳು, ಕಲಬುರಗಿ ಸೀಮೆಯ ಬಿಸಿಲು ನಲವತ್ತು ಡಿಗ್ರಿ ದಾಟಿದೆ. ತಂದೆಯ ತೀರ್ಮಾನ ಸಹಜವಾದದ್ದೇ: “ಬಿಸಲಿಗಿ ಕೆಟ್ಟದ ಬಿಡವ್ವಾ.” ಆದರೆ ಬಿಸಿಲನ್ನು ಆರೋಪಿಯೆನ್ನುವ ಮೊದಲು ಸಾಕ್ಷಿ ಬೇಕು. ಚಿಪ್ಪಿನ ತಾಪವನ್ನು ಲಿನಕ್ಸ್ ಒಂದು ಕಡತದಲ್ಲಿ ತೋರಿಸುತ್ತಲೇ ಇರುತ್ತದೆ, ಡಿಗ್ರಿಯ ಸಾವಿರದೊಂದು ಭಾಗದ ಲೆಕ್ಕದಲ್ಲಿ. ಅದನ್ನು ನಿಮಿಷಕ್ಕೊಮ್ಮೆ ಬರೆದಿಟ್ಟು ನೋಡಿದರೆ, ಯಂತ್ರ ನಿಂತಾಗ ಅಂಕಿ ಅರವತ್ತೈದು ಡಿಗ್ರಿಯೂ ಆಗಿಲ್ಲ. ಈ ಚಿಪ್ಪಿಗೆ ಅದು ಅಪಾಯದ ಮಟ್ಟವಲ್ಲ. ರಾತ್ರಿಯ ತಂಪಿನಲ್ಲಿ ನಾಲ್ಕೂ ಘಟಕಗಳ ಮೇಲೆ ಭಾರ ಹೇರಿ ನೋಡಿದರೆ, ಆಗಲೂ ಯಂತ್ರ ನಿಲ್ಲುತ್ತದೆ! ಹಾಗಾದರೆ ಮಧ್ಯಾಹ್ನ ಎರಡಕ್ಕೆ ಏನು ನಡೆಯುತ್ತಿತ್ತು? ದಿನದ ಲೆಕ್ಕ ಕೂಡಿಸಿ ನಕ್ಷೆ ಬರೆಯುವ ಕೆಲಸಕ್ಕೆ ಅವಳೇ ಇಟ್ಟ ಸಮಯ ಅದು. ಭಾರ ಬಿದ್ದೊಡನೆ ಕರ್ನೆಲ್ ಚಿಪ್ಪಿನ ವೇಗ ಏರಿಸುತ್ತದೆ.

ದೋಷ ಅಡಗಿದ್ದು ಇಲ್ಲಿ. ವೇಗ ಏರಿದರೆ ವೋಲ್ಟೇಜೂ ಏರಬೇಕು. ಎಚ್3 ಚಿಪ್ಪಿಗೆ 816 ಮೆಗಾಹರ್ಟ್ಸ್‌ವರೆಗೆ 1.1 ವೋಲ್ಟ್ ಸಾಕು; 1008ಕ್ಕೆ 1.2 ವೋಲ್ಟ್ ಬೇಕು ಎಂದು ಲಿನಕ್ಸಿನ ಪಟ್ಟಿ ಹೇಳುತ್ತದೆ. ಎರವಲು ತಂದ ವಿವರಣೆಯಲ್ಲಿ, ಇಂಥ ಕಾಲಿಗೆ ಆಜ್ಞೆ ಕೊಟ್ಟರೆ ವೋಲ್ಟೇಜು 1.1ರಿಂದ 1.3ಕ್ಕೆ ಜಿಗಿಯುತ್ತದೆ ಎಂದು ಬರೆದಿದೆ. ಕರ್ನೆಲ್ ಆಜ್ಞೆ ಕೊಡುತ್ತದೆ. ಈ ಹಲಗೆಯಲ್ಲಿ ಆ ಕಾಲಿಗೆ ತಂತಿಯೇ ಎಳೆದಿಲ್ಲ. ಆಜ್ಞೆ ನಡೆಯಿತೇ ಇಲ್ಲವೇ ಎಂದು ತಿರುಗಿ ಹೇಳುವ ಏರ್ಪಾಡೂ ಇಲ್ಲ. ವೋಲ್ಟೇಜು ಏರಿತೆಂದು ನಂಬಿದ ಕರ್ನೆಲ್ ವೇಗ ಹೆಚ್ಚಿಸುತ್ತದೆ. ಚಿಪ್ಪು ಅರೆಹೊಟ್ಟೆಯಲ್ಲಿ ಓಡಿ ಎಡವುತ್ತದೆ. ಪರಿಹಾರ ಒಂದು ಸಾಲಿನದು: ಗರಿಷ್ಠ ವೇಗವನ್ನು 816ಕ್ಕೆ ಕಟ್ಟಿಹಾಕುವುದು. ಮಳೆ ಎಣಿಸಲು ಅದಕ್ಕಿಂತ ಹೆಚ್ಚಿನ ವೇಗ ಬೇಕಿಲ್ಲ. ಇನ್ನೂ ಸರಿಯಾದ ಪರಿಹಾರವೆಂದರೆ ವಿವರಣೆಯನ್ನೇ ಹಲಗೆಗೆ ತಕ್ಕಂತೆ ತಿದ್ದುವುದು.

ಇನ್ನುಳಿದ ತೊಡಕುಗಳು ಸಣ್ಣವು. ಆರ್ಡುಯಿನೊವಿನ ಅಗ್ಗದ ಪ್ರತಿಗಳಲ್ಲಿರುವ ಸಿಎಚ್340 ಚಿಪ್ಪನ್ನು ಉಬುಂಟು 22.04ರಲ್ಲಿ ಬ್ರೈಲ್ ಸಾಧನಗಳಿಗೆಂದು ಇರುವ ತಂತ್ರಾಂಶವು ತನ್ನದೆಂದು ಎಳೆದುಕೊಳ್ಳುತ್ತಿತ್ತು. ಬ್ರೈಲ್ ಸಾಧನ ಬಳಸದವರು ಆ ತಂತ್ರಾಂಶವನ್ನು ತೆಗೆದರೆ ಮಾಪಕ ಕಾಣಿಸಿಕೊಳ್ಳುತ್ತದೆ. ಕನ್ನಡದಲ್ಲಿ ವರದಿ ಬರೆಯಲು ಗುಬ್ಬಿ, ನವಿಲು, ಲೋಹಿತ್ ಅಕ್ಷರಶೈಲಿಗಳು ಡೆಬಿಯನ್ ಭಂಡಾರದಲ್ಲೇ ಇವೆ. ಕಗಪ ಕೀಲಿಮಣೆಯೂ ಇದೆ. ಸಣ್ಣದಲ್ಲದ್ದು ಗಡಿಯಾರ. ಇಂಥ ಪೆಟ್ಟಿಗೆಗಳಲ್ಲಿ ಬ್ಯಾಟರಿಯ ಗಡಿಯಾರ ಇರುವುದಿಲ್ಲ. ಕರೆಂಟು ಹೋಗಿ ಬಂದಾಗ ಯಂತ್ರಕ್ಕೆ ದಿನಾಂಕ ಮರೆತಿರುತ್ತದೆ. ಅಂತರಜಾಲ ಸಿಗುವವರೆಗೆ ಬಿದ್ದ ಮಳೆಯೆಲ್ಲ ತಪ್ಪು ದಿನಕ್ಕೆ ಜಮೆಯಾಗುತ್ತದೆ. ಗುಡುಗು ಮಳೆಯ ಹೊತ್ತಿಗೇ ಕರೆಂಟು ಹೋಗುವುದು ಎಂಬುದನ್ನು ಕಮಲಾಪುರದವರಿಗೂ ಮಲೆನಾಡಿನವರಿಗೂ ವಿವರಿಸಬೇಕಿಲ್ಲ. ನಾಣ್ಯದಾಕಾರದ ಬ್ಯಾಟರಿಯಿರುವ ಡಿಎಸ್3231 ಗಡಿಯಾರದ ಬಿಲ್ಲೆಯನ್ನು ಆರ್ಡುಯಿನೊವಿಗೇ ಜೋಡಿಸಿ, ಪ್ರತಿ ಎಣಿಕೆಯೊಡನೆ ಅದರ ಸಮಯವನ್ನೂ ಬರೆಸುವುದು ನಂಬಿಕೆಗೆ ಅರ್ಹವಾದ ದಾರಿ.

ಇದಿಷ್ಟು ಶ್ರಮ ಒಂದು ಹಳೆಯ ಪೆಟ್ಟಿಗೆಗೆ ಏಕೆ ಎಂದು ಕೇಳುವವರಿದ್ದಾರೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ ಮುಗಿಯಿತು; ಅದರ ಮುಂದಿನ ಆವೃತ್ತಿಗೆ ಅರ್ಹವಲ್ಲದ ಗಣಕಗಳು ಕೆಟ್ಟಿಲ್ಲದಿದ್ದರೂ ಮೂಲೆಗೆ ಸರಿಯುತ್ತಿವೆ. ಲಿನಕ್ಸ್ ಲೋಕವೂ ಈ ದೋಷದಿಂದ ಪೂರ್ತಿ ಮುಕ್ತವಲ್ಲ: ಅದೇ ವರ್ಷದ ಆಗಸ್ಟಿನಲ್ಲಿ ಬಂದ ಡೆಬಿಯನ್ 13, ಹಳೆಯ 32 ಬಿಟ್ಟಿನ ಮೇಜಿನ ಗಣಕಗಳಿಗೆ ಅನುಸ್ಥಾಪಕವನ್ನು ಕೊಡುವುದನ್ನು ನಿಲ್ಲಿಸಿತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುತ್ತವೆ. ತ್ಯಾಜ್ಯ ಎತ್ತುವ ಹೊಣೆ ಹೊರಿಸುವಾಗಲೇ ಹಲಗೆಯ ನಕ್ಷೆ ಪ್ರಕಟಿಸುವ ಹೊಣೆಯನ್ನೂ ಹೊರಿಸಿದ್ದರೆ ಎಷ್ಟೋ ಪೆಟ್ಟಿಗೆಗಳು ತ್ಯಾಜ್ಯವೇ ಆಗುತ್ತಿರಲಿಲ್ಲ. ಪರಿಸರ ಚಳವಳಿಯ ಬೇಡಿಕೆಗಳ ಪಟ್ಟಿಯಲ್ಲಿ ಇದಕ್ಕೊಂದು ಸಾಲು ಇರಬೇಕು. ಮಡಿಕೆ ಒಡೆದರೆ ಮಣ್ಣಾಗುತ್ತದೆ. ಈ ಹಲಗೆಗಳ ಬೆಸುಗೆ, ಲೇಪ, ಬ್ಯಾಟರಿ ಹಾಗಲ್ಲ. ಅವು ಹಳ್ಳಿಯ ತಿಪ್ಪೆಯಲ್ಲಿ ಸುಟ್ಟಾಗ ಹೊಗೆ ಕುಡಿಯುವವರು ಅದೇ ಹಳ್ಳಿಯವರು.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಯಾವ ಹಲಗೆ, ಯಾವ ಸಂಖ್ಯೆ, ಯಾವ ಕಾಲಿನಲ್ಲಿ ಏನು ಸಿಕ್ಕಿತು, ಯಾವ ವೇಗದಲ್ಲಿ ನಿಂತಿತು ಎಂಬುದನ್ನು ಬರೆದು, ಒಂದು ಪ್ರತಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿ. ಇನ್ನೊಂದು ಪ್ರತಿಯನ್ನು, ತಿದ್ದಿದ ವಿವರಣೆಯೊಡನೆ, ಆಲ್‌ವಿನ್ನರ್ ಚಿಪ್ಪುಗಳಿಗೆ ಲಿನಕ್ಸ್ ಒಗ್ಗಿಸುತ್ತಿರುವ ಲಿನಕ್ಸ್-ಸುನ್‌ಶಿ ಬಳಗಕ್ಕೆ ಕಳಿಸಿ. ಅದೇ ಹಲಗೆಯ ಪೆಟ್ಟಿಗೆ ಸಾಗರದಲ್ಲೋ ಚಿಂಚೋಳಿಯಲ್ಲೋ ಯಾರದಾದರೂ ಮನೆಯ ಅಟ್ಟದ ಮೇಲೆ ಈಗಲೂ ಬಿದ್ದಿರಬಹುದು.