ನೋವು ನುಂಗಬ್ಯಾಡ್ರಿ



ತಲೆ ನೋವು ಬಂದರೆ ಹೇಳುತ್ತೇವೆ. ಸೊಂಟ ಹಿಡಿದರೆ ಹೇಳುತ್ತೇವೆ. ಒಂದು ನೋವನ್ನು ಮಾತ್ರ ನುಂಗಿಕೊಂಡು ಕೂಡುತ್ತೇವೆ. ಅದು ಹೆಣ್ಣಿನ ಗುಪ್ತಾಂಗದ ಹೊರಭಾಗದ ನೋವು.

ಮಾನ್ವಿ ಕಡೆ ಭತ್ತದ ಸಸಿ ಹಚ್ಚುತ್ತೀರಿ. ದೇವದುರ್ಗದ ಕಡೆ ಹತ್ತಿ ಬಿಡಿಸುತ್ತೀರಿ. ಕೆಲಸದ ನಡುವೆ ಆ ಜಾಗ ಮೆಣಸಿನಕಾಯಿ ಹಚ್ಚಿದಂಗ ಉರೀತದ. ಕೂತರೆ ನೋವು. ಗಂಡ ಕೂಡಿದರೆ ನೋವು. ಆದರೂ, "ಹ್ಯಾಂಗ ಹೇಳೋದವ್ವಾ?" ಎಂದು ಸುಮ್ಮನಾಗುತ್ತೇವೆ.

ಮೊದಲು ಕಾರಣ ತಿಳಿಯಬೇಕು. ಸೋಂಕು ಇರಬಹುದು. ಚರ್ಮರೋಗ ಇರಬಹುದು. ಸಕ್ಕರೆ ಕಾಯಿಲೆ ಇದ್ದರೆ ಸೋಂಕು ಮತ್ತೆ ಮತ್ತೆ ಬರುತ್ತದೆ. ಮುಟ್ಟು ನಿಂತವರಿಗೆ ಆ ಜಾಗ ಒಣಗುತ್ತದೆ. ಇವಕ್ಕೆಲ್ಲ ಔಷಧ ಇದೆ.

ಕೆಲವರಿಗೆ ಗಾಯ ಇಲ್ಲ, ಸೋಂಕೂ ಇಲ್ಲ. 3 ತಿಂಗಳು ದಾಟಿದರೂ ನೋವು ಹೋಗುವುದಿಲ್ಲ. ಡಾಕ್ಟರು ಇದಕ್ಕೆ 'ವಲ್ವೊಡೀನಿಯಾ' ಎನ್ನುತ್ತಾರೆ. ಮುಳ್ಳು ತೆಗೆದ ಮೇಲೂ ಕಾಲು ಚುಚ್ಚಿದಂಗ ಆಗ್ತದಲ್ಲ, ಹಾಗೆ. ಕಣ್ಣಿಗೆ ಏನೂ ಕಾಣದು. ಆದರೆ ನೋವು ಖರೇ. ಇದು ಅಂಟುರೋಗ ಅಲ್ಲ. ಕ್ಯಾನ್ಸರ್ ಅಲ್ಲ. ನಿಮ್ಮ ನಡತೆಯ ತಪ್ಪೂ ಅಲ್ಲ. ದೇವರ ಕಾಟವೂ ಅಲ್ಲ.

ಮನೆಯಲ್ಲಿ ಹೀಗೆ ಮಾಡಿ:

ಬರೀ ನೀರಿನಿಂದ ತೊಳೆಯಿರಿ. ಸಾಬೂನು, ಡೆಟಾಲ್ ಬೇಡ.
ಸಡಿಲವಾದ ಹತ್ತಿ ಬಟ್ಟೆ ಉಡಿರಿ. ಮುಟ್ಟಿನ ಬಟ್ಟೆ ಬಿಸಿಲಲ್ಲಿ ಒಣಗಿಸಿರಿ.
ಉರಿ ಹೆಚ್ಚಾದರೆ ತಣ್ಣೀರ ಬಟ್ಟೆ ಇಡಿರಿ.
ನೋವಿಗೆ ಹೆದರಿ ಕೆಳಗಿನ ಸ್ನಾಯು ಬಿಗಿಯುತ್ತದೆ. ನಿಧಾನ ಉಸಿರು ಎಳೆದು ಬಿಡಿರಿ. ಮೈ ಸಡಿಲ ಮಾಡಿರಿ.
ಅಂಗಡಿಯಲ್ಲಿ ಕೇಳಿ ಸಿಕ್ಕ ಸಿಕ್ಕ ಮುಲಾಮು ಹಚ್ಚಬ್ಯಾಡ್ರಿ.

ಗಾಯ, ಗಂಟು, ಬಿಳಿ ಮಚ್ಚೆ, ವಾಸನೆಯ ಬಿಳುಪು, ಮುಟ್ಟಲ್ಲದ ರಕ್ತ ಕಂಡರೆ ತಡ ಮಾಡಬೇಡಿ.

ಆಶಾ ಕಾರ್ಯಕರ್ತೆಗೆ ಹೇಳಿರಿ. ದೇವದುರ್ಗ, ಮಾನ್ವಿಯಲ್ಲಿ ತಾಲೂಕು ಆಸ್ಪತ್ರೆ ಇದೆ. ರಾಯಚೂರಿನಲ್ಲಿ ರಿಮ್ಸ್ ಇದೆ. ನರದ ನೋವಿಗೆ ಡಾಕ್ಟರು ಗುಳಿಗೆ ಕೊಡಬಹುದು. ಗುಣ ಕಾಣಲು ಕೆಲವು ವಾರ ಬೇಕು. ಎರಡು ದಿನಕ್ಕೇ ಬಿಡಬೇಡಿ.

ಗಂಡನಿಗೂ ತಿಳಿಸಿರಿ. "ನನಗ ನೋವು ಆಗ್ತದ, ಈಗ ಬ್ಯಾಡ" ಎನ್ನುವುದು ತಪ್ಪಲ್ಲ.

ಡಾಕ್ಟರ ಮುಂದೆ ನಾಚಿಕೆ ಆಗುತ್ತದೆಯೇ? ನೀವೀಗ ಬರೆಯಲು ಕಲಿತಿದ್ದೀರಿ. ಒಂದು ಚೀಟಿ ತಗೊಳ್ಳಿ. ನೋವು ಎಂದಿನಿಂದ? ಯಾವಾಗ ಹೆಚ್ಚು? ಏನು ಹಚ್ಚಿದಿರಿ? ಮೂರು ಸಾಲು ಬರೆಯಿರಿ. ಬಾಯಿ ಬಾರದಿದ್ದರೆ ಆ ಚೀಟಿ ಕೊಡಿ. ಅದೇ ನಿಮ್ಮ ಪರವಾಗಿ ಮಾತಾಡುತ್ತದೆ.